ಪಾಂಬನ್ ಸೇತುವೆ 46 ದಿನದಲ್ಲಿ ಎದ್ದಿತು, ಧನುಷ್ಕೋಡಿ ಸ್ಟೇಷನ್ ಯಾಕೆ ಏಳಲಿಲ್ಲ?

ಓದುಗರ ಪ್ರಶ್ನೆ: ಸರ್, ಈ ರಜೆಯಲ್ಲಿ ಮನೆಯವರೆಲ್ಲ ರಾಮೇಶ್ವರಕ್ಕೆ ಹೋಗಿದ್ದೆವು. ಧನುಷ್ಕೋಡಿಯಲ್ಲಿ ವ್ಯಾನಿನ ಡ್ರೈವರು ಮರಳಿನ ನಡುವೆ ನಿಂತ ಮುರುಕು ಗೋಡೆಗಳನ್ನು ತೋರಿಸಿ ಇದೇ ಹಳೇ ರೈಲ್ವೆ ಸ್ಟೇಷನ್, 1964ರ ಚಂಡಮಾರುತಕ್ಕೆ ಹೋಯಿತು ಅಂದರು. ಸರಿ. ಆದರೆ ಅದೇ ಗಾಳಿಗೆ ಮುರಿದ ಪಾಂಬನ್ ಸೇತುವೆಯನ್ನು 46 ದಿನದಲ್ಲಿ ರಿಪೇರಿ ಮಾಡಿದರಂತಲ್ಲ, ಹಾಗಾದರೆ ಸ್ಟೇಷನ್ನನ್ನು ಯಾಕೆ ಹಾಗೇ ಬಿಟ್ಟರು? ಅಷ್ಟಕ್ಕೂ ಎರಡೂ ಕಡೆ ಸಮುದ್ರ ಇರುವ ಆ ಮರಳಿನ ಮೇಲೆ ಸ್ಟೇಷನ್ ಕಟ್ಟಿದ್ದಾದರೂ ಯಾಕೆ? ನಮ್ಮ ತಂದೆಯವರು ಆಗ ಅಲ್ಲಿಂದ ಲಂಕೆಗೇ ರೈಲಿತ್ತು ಅನ್ನುತ್ತಾರೆ. ಇದು ನಿಜವೇ?

ಉತ್ತರ:

ಮೊದಲು ನಿಮ್ಮ ತಂದೆಯವರ ಮಾತು ನೋಡೋಣ, ಅರ್ಧ ಉತ್ತರ ಅದರಲ್ಲೇ ಇದೆ. ಧನುಷ್ಕೋಡಿಯಿಂದ ಲಂಕೆಗೆ ರೈಲು ಹೋಗುತ್ತಿರಲಿಲ್ಲ. ಆದರೆ ಟಿಕೆಟ್ ಹೋಗುತ್ತಿತ್ತು. ಮದ್ರಾಸಿನಲ್ಲಿ ಕೊಲಂಬೊಗೆ ಅಂತ ಒಂದೇ ಟಿಕೆಟ್ ಕೊಡುತ್ತಿದ್ದರು. ಆ ಟಿಕೆಟ್ಟಿನಲ್ಲಿ ಮದ್ರಾಸಿನ ಎಗ್ಮೋರ್ ಸ್ಟೇಷನ್ನಿನಿಂದ ಧನುಷ್ಕೋಡಿವರೆಗೆ ರೈಲು, ಅಲ್ಲಿಂದ ಸುಮಾರು 35 ಕಿಲೋಮೀಟರ್ ಸಮುದ್ರದ ಮೇಲೆ ಸ್ಟೀಮರು, ಆಚೆ ದಡದ ತಲೈಮನ್ನಾರಿನಲ್ಲಿ ಇಳಿದರೆ ಕೊಲಂಬೊಗೆ ಹೋಗುವ ಸಿಲೋನ್ ಸರ್ಕಾರದ ರೈಲು. ಟಪಾಲು ಚೀಲಗಳೂ ಅದೇ ದಾರಿಯಲ್ಲಿ ಹೋಗುತ್ತಿದ್ದವು. ಅದಕ್ಕೇ ಆ ರೈಲಿಗೆ ಬೋಟ್ ಮೇಲ್ ಅನ್ನುವ ಹೆಸರು ಬಂತು. ಹಳಬರು ಲಂಕೆಗೆ ರೈಲಿತ್ತು ಅನ್ನೋದು ಇದನ್ನೇ. ಅವರು ಸುಳ್ಳು ಹೇಳುತ್ತಿಲ್ಲ, ನಡುವಿನ ಹಡಗನ್ನು ಮಾತ್ರ ಬಿಟ್ಟು ಹೇಳುತ್ತಿದ್ದಾರೆ.

ನನ್ನ ಲೆಕ್ಕದಲ್ಲಿ ಇಡೀ ಕತೆಯ ಕೀಲಿಯೇ ಆ ಹಡಗು. ನಾವು ಹಾಳುಬಿದ್ದ ಸ್ಟೇಷನ್ ನೋಡಿದ ಕೂಡಲೇ ಅಯ್ಯೋ ಎಷ್ಟು ಚೆನ್ನಾಗಿದ್ದ ಊರೋ ಏನೋ ಅಂದುಕೊಳ್ಳುತ್ತೇವೆ. ಊರು ಇತ್ತು, ಇಲ್ಲ ಅಂತಲ್ಲ. ಆದರೆ ಧನುಷ್ಕೋಡಿಯ ಸ್ಟೇಷನ್ನನ್ನು ಊರಿಗಾಗಿ ಕಟ್ಟಿರಲಿಲ್ಲ. ಹಡಗಿಗಾಗಿ ಕಟ್ಟಿದ್ದರು. ಅಲ್ಲಿ ಮೊದಲೂ ಮೀನುಗಾರರು ಇದ್ದರು, ಸೇತುಸ್ನಾನಕ್ಕೆ ಯಾತ್ರಿಕರು ಬರುತ್ತಿದ್ದರು. ಕಸ್ಟಮ್ಸು, ಪೋಸ್ಟ್ ಆಫೀಸು, ಸ್ಕೂಲು, ಚರ್ಚು ಇರುವ ಒಂದು ಸಣ್ಣ ಪಟ್ಟಣ ಅಂತ ಬೆಳೆದದ್ದು ಮಾತ್ರ ರೈಲು ಮತ್ತು ಹಡಗು ಒಂದಕ್ಕೊಂದು ಮುಖ ಮಾಡಿ ನಿಂತ ಮೇಲೆ.

ಅದಕ್ಕೆ ಮುಂಚೆ ಏನಿತ್ತು? ಬೋಟ್ ಮೇಲ್ ತೂತ್ತುಕುಡಿಗೆ ಹೋಗುತ್ತಿತ್ತು. ಅಲ್ಲಿಂದ ಕೊಲಂಬೊಗೆ ಹಡಗು. ಆ ಸಮುದ್ರ ಪ್ರಯಾಣ ಸಣ್ಣದಲ್ಲ, ಒಂದು ರಾತ್ರಿ ಪೂರ್ತಿ ಅಲೆಗಳ ಮೇಲೆ ಕಳೆಯಬೇಕು, ಹೊಟ್ಟೆ ತೊಳಸಿಕೊಂಡು ಬಂದವರ ಪಾಡು ಕೇಳಬೇಡಿ. ಭೂಪಟ ತೆಗೆದು ನೋಡಿ, ಭಾರತ ಮತ್ತು ಲಂಕೆ ತುಂಬಾ ಹತ್ತಿರ ಬರುವುದು ರಾಮೇಶ್ವರ ಇರುವ ಪಾಂಬನ್ ದ್ವೀಪದ ತುದಿಯಲ್ಲಿ. ಬೆರಳು ಚಾಚಿದ ಹಾಗೆ ಮರಳಿನ ಒಂದು ನಾಲಿಗೆ ಲಂಕೆಯ ಕಡೆ ಹೋಗುತ್ತದೆ. ಅದರ ತುದಿಯವರೆಗೆ ರೈಲನ್ನೇ ಒಯ್ದರೆ ನೀರಿನ ಮೇಲಿನ ದಾರಿ ಎರಡು ಮೂರು ಗಂಟೆಗೆ ಮುಗಿದುಹೋಗುತ್ತದೆ. ಆ ಕಾಲದ ಸೌತ್ ಇಂಡಿಯನ್ ರೈಲ್ವೆ ಕಂಪನಿ ಮಾಡಿದ್ದು ಇಷ್ಟೇ ಲೆಕ್ಕ.

ಹೆಸರಿನ ಬಗ್ಗೆ ಒಂದು ಮಾತು. ಧನುಷ್ಕೋಟಿ ಅಂದರೆ ಸಂಸ್ಕೃತದಲ್ಲಿ ಬಿಲ್ಲಿನ ತುದಿ. ರಾಮ ಬಿಲ್ಲಿನ ತುದಿಯಿಂದ ಸೇತುವೆ ಮುರಿದ ಕತೆ ನಿಮಗೆ ಗೊತ್ತೇ ಇದೆ. ತಮಿಳಿನ ಬಾಯಲ್ಲಿ ಅದು ಕೋಡಿ. ನಮಗೆ ಕೋಡಿ ಅಂದ ಕೂಡಲೇ ಕೆರೆ ಕೋಡಿ ಬಿದ್ದದ್ದು ನೆನಪಾಗುತ್ತದೆ. ಆದರೆ ಕರಾವಳಿಯವರನ್ನು ಕೇಳಿ ನೋಡಿ, ಕುಂದಾಪುರದ ಕೋಡಿ, ಉಡುಪಿ ಕಡೆಯ ಕೋಡಿ ಬೆಂಗ್ರೆ, ಇವೆಲ್ಲ ಏನು? ನೀರಿಗೆ ಚಾಚಿಕೊಂಡ ಮರಳಿನ ತುದಿಗಳೇ. ಧನುಷ್ಕೋಡಿಯೂ ಅಂಥದ್ದೇ ಒಂದು ಕೋಡಿ. ಅಲ್ಲಿ ಏನೇ ಕಟ್ಟಿದರೂ ಸಮುದ್ರದ ಮರ್ಜಿಯಲ್ಲಿ ಕಟ್ಟಿದ ಹಾಗೆ, ಅದು ಕಟ್ಟಿದವರಿಗೂ ಗೊತ್ತಿತ್ತು.

ದೊಡ್ಡ ಅಡ್ಡಿ ಇದ್ದದ್ದು ದ್ವೀಪ ಮತ್ತು ಮುಖ್ಯ ಭೂಮಿಯ ನಡುವಿನ ಪಾಂಬನ್ ಕಾಲುವೆ. ಮದುರೈ ಕಡೆಯಿಂದ ಮಂಡಪಂವರೆಗೆ 1902ರಲ್ಲೇ ಹಳಿ ಬಂದಿತ್ತು. ಅಲ್ಲಿಂದ ಮುಂದಕ್ಕೆ ನೀರು. 2 ಕಿಲೋಮೀಟರಿಗೂ ಸ್ವಲ್ಪ ಜಾಸ್ತಿ ಉದ್ದದ ಸೇತುವೆ ಕಟ್ಟಿ 1914ರ ಫೆಬ್ರವರಿ 24ಕ್ಕೆ ತೆರೆದರು. ಕಾಲುವೆಯಲ್ಲಿ ಹಡಗುಗಳು ಓಡಾಡಬೇಕಲ್ವಾ, ಅದಕ್ಕೆ ನಡುವೆ ಒಂದು ಭಾಗ ಎರಡು ಕೈಗಳಂತೆ ಮೇಲೇಳುವ ಹಾಗೆ ಮಾಡಿದರು. ಅಮೆರಿಕದ ಷೆರ್ಜರ್ ಎಂಬ ಎಂಜಿನಿಯರನ ವಿನ್ಯಾಸ ಅದು, ಹಾಗಾಗಿ ಇವತ್ತಿಗೂ ರೈಲ್ವೆಯವರ ಬಾಯಲ್ಲಿ ಆ ಭಾಗ ಷೆರ್ಜರ್ ಸ್ಪ್ಯಾನ್. ಅದನ್ನು ಎತ್ತಲು ಮೋಟಾರ್ ಇರಲಿಲ್ಲ, ಆಳುಗಳು ಎರಡೂ ಕಡೆ ನಿಂತು ಗಾಣದ ಎತ್ತಿನ ಹಾಗೆ ಸುತ್ತು ಹಾಕಿ ಸನ್ನೆಕೋಲು ತಿರುಗಿಸುತ್ತಿದ್ದರು.

ಸೇತುವೆ ಅಷ್ಟು ಚೆನ್ನಾಗಿ ಕಟ್ಟಿದವರು ಲಂಕೆಗೂ ಒಂದು ಕಟ್ಟಿಬಿಡಬಹುದಿತ್ತಲ್ಲ ಅಂತ ನೀವು ಕೇಳಬಹುದು. ಆ ಯೋಚನೆಯೂ ಇತ್ತು. ರಾಮಸೇತು ಅಂತ ನಾವು ಕರೆಯುವ ಮರಳು ದಿಣ್ಣೆಗಳ ಸಾಲಿನ ಮೇಲೇ ಹಳಿ ಹಾಕುವ ಪ್ರಸ್ತಾಪ ಮೊದಲ ಮಹಾಯುದ್ಧಕ್ಕೂ ಮುಂಚಿನದು. ಆಗಲಿಲ್ಲ. ಆಗಿದ್ದರೂ ಇನ್ನೊಂದು ತಮಾಷೆ ಇತ್ತು ನೋಡಿ. ನಮ್ಮ ಕಡೆಯದು ಮೀಟರ್ ಗೇಜ್, ಅಂದರೆ ಹಳಿಗಳ ನಡುವೆ 1,000 ಮಿಲಿಮೀಟರ್. ಸಿಲೋನಿನದು ಬ್ರಾಡ್ ಗೇಜ್, 1,676 ಮಿಲಿಮೀಟರ್. ಸೇತುವೆ ಇದ್ದರೂ ಯಾವುದೋ ಒಂದು ದಡದಲ್ಲಿ ಎಲ್ಲರೂ ಗಂಟುಮೂಟೆ ಇಳಿಸಿ ಬೇರೆ ರೈಲು ಹತ್ತಲೇಬೇಕಿತ್ತು. ತಲೈಮನ್ನಾರಿಗೆ ಅವರ ಹಳಿ ಬಂದಿದ್ದೂ 1914ರಲ್ಲೇ. ಎರಡು ದೇಶದ ರೈಲು, ನಡುವೆ ಸ್ಟೀಮರು, ಮೂರೂ ಒಂದೇ ವೇಳಾಪಟ್ಟಿಗೆ ಕಟ್ಟುಬಿದ್ದವು.

ಇಲ್ಲಿ ಯಾರೂ ಗಮನಿಸದ ಒಂದು ವಿಷಯ ಇದೆ, ನಿಮ್ಮ ಪ್ರಶ್ನೆಗೆ ಇದು ಮುಖ್ಯ. ಇವತ್ತು ನಾವು ರಾಮೇಶ್ವರಂ ಕೊನೇ ಸ್ಟೇಷನ್, ಧನುಷ್ಕೋಡಿ ಅದರ ಆಚೆಗಿನ ಬಾಲ ಅಂದುಕೊಳ್ಳುತ್ತೇವೆ. ರೈಲಿನ ಲೆಕ್ಕದಲ್ಲಿ ಅದು ಉಲ್ಟಾ ಇತ್ತು. ಪಾಂಬನ್ ಒಂದು ಜಂಕ್ಷನ್. ಅಲ್ಲಿಂದ ಒಂದು ಕವಲು ರಾಮೇಶ್ವರಕ್ಕೆ, ಇನ್ನೊಂದು ಧನುಷ್ಕೋಡಿಗೆ. ಬೋಟ್ ಮೇಲ್ ಹೋಗುತ್ತಿದ್ದದ್ದು ಧನುಷ್ಕೋಡಿಗೆ. ಅಷ್ಟು ದೊಡ್ಡ ಕ್ಷೇತ್ರ ರಾಮೇಶ್ವರ ಪಕ್ಕದ ಕವಲಿನಲ್ಲಿತ್ತು.

ಎರಡನೇ ಮಹಾಯುದ್ಧದ ಒಂದು ಸಂಗತಿ ಇದನ್ನು ಚೆನ್ನಾಗಿ ತೋರಿಸುತ್ತದೆ. ಅಬ್ದುಲ್ ಕಲಾಂ ಹುಟ್ಟಿದ್ದು ರಾಮೇಶ್ವರದಲ್ಲಿ, ಯುದ್ಧ ಶುರುವಾದಾಗ ಅವರಿಗೆ ಎಂಟು ವರ್ಷ ತುಂಬುತ್ತಾ ಬಂದಿತ್ತು. ಅವರ ಸೋದರ ಸಂಬಂಧಿಯೊಬ್ಬರು ಊರಿಗೆ ಪೇಪರ್ ಹಂಚುವ ಏಜೆಂಟು. ಯುದ್ಧದ ತುರ್ತಿನಲ್ಲಿ ರಾಮೇಶ್ವರದಲ್ಲಿ ರೈಲು ನಿಲ್ಲಿಸುವುದನ್ನು ಬಿಟ್ಟರು. ಪೇಪರ್ ಕಟ್ಟುಗಳನ್ನು ರಾಮೇಶ್ವರಂ ಮತ್ತು ಧನುಷ್ಕೋಡಿ ನಡುವಿನ ರಾಮೇಶ್ವರಂ ರೋಡ್ ಎಂಬಲ್ಲಿ ಓಡುವ ರೈಲಿನಿಂದಲೇ ಹೊರಗೆ ಎಸೆಯುತ್ತಿದ್ದರು. ಅದನ್ನು ಹಿಡಿದುಕೊಳ್ಳಲು ಒಬ್ಬ ಹುಡುಗ ಬೇಕಿತ್ತು, ಆ ಹುಡುಗ ಕಲಾಂ. ಅವರ ಮೊದಲ ಸಂಪಾದನೆ ಅದೇ ಅಂತ ಅವರೇ ಬರೆದಿದ್ದಾರೆ. ಎಲ್ಲರೂ ಈ ಕತೆಯನ್ನು ಬಡ ಹುಡುಗನ ಕಷ್ಟದ ಕತೆಯಾಗಿ ಹೇಳುತ್ತಾರೆ. ನನಗೆ ಅದರಲ್ಲಿ ರೈಲಿನ ಧಿಮಾಕು ಕಾಣುತ್ತದೆ. ದೇಶದ ಅಷ್ಟು ದೊಡ್ಡ ತೀರ್ಥಕ್ಷೇತ್ರಕ್ಕೆ ಪೇಪರ್ ಕಟ್ಟು ಬಿಸಾಕಿ ಮುಂದೆ ಓಡುತ್ತಿತ್ತು, ಹಡಗು ಕಾಯುತ್ತಿದೆ ಅಂತ.

ಇನ್ನು ಧನುಷ್ಕೋಡಿಯೊಳಗೆ ಬನ್ನಿ. ಉಗಿ ಎಂಜಿನ್ನಿಗೆ ನೀರು ಬೇಕು. ಅದೂ ಸಿಹಿನೀರು, ಉಪ್ಪುನೀರು ಹಾಕಿದರೆ ಬಾಯ್ಲರು ಹಾಳು. ನಾಲ್ಕೂ ಕಡೆ ಉಪ್ಪು ಇರುವಲ್ಲಿ ಸಿಹಿನೀರು ಎಲ್ಲಿಂದ? ನಾನು ಮೊದಲ ಸಲ ಅಲ್ಲಿಗೆ ಹೋದಾಗ ಡಾಂಬರು ರಸ್ತೆ ಇರಲಿಲ್ಲ, ಮುಕುಂದರಾಯರ್ ಛತ್ರಂ ಎಂಬಲ್ಲಿ ಇಳಿದು, ಮರಳಿನ ಮೇಲೆ ಓಡುವ ಹಳೇ ವ್ಯಾನು ಹತ್ತಿ, ತಲೆ ಮೇಲಿನ ತಗಡಿಗೆ ನಾಲ್ಕು ಸಲ ಬಡಿಸಿಕೊಂಡು ಹೋಗಬೇಕಿತ್ತು. ಅಲ್ಲಿ ಮೀನುಗಾರರ ಗುಡಿಸಲಿನ ಪಕ್ಕ ಒಬ್ಬ ಹೆಂಗಸು ಮರಳಿನಲ್ಲಿ ಸೊಂಟದಷ್ಟು ಆಳದ ಗುಂಡಿಗೆ ಇಳಿದು ಚಿಪ್ಪಿನಲ್ಲಿ ನೀರು ಮೊಗೆದು ಕೊಡಕ್ಕೆ ಸುರಿಯುತ್ತಿದ್ದರು. ಕುಡಿದು ನೋಡಿದೆ. ಸಿಹಿ. ಸಮುದ್ರ ಅಲ್ಲಿಂದ ಕೂಗಳತೆ ದೂರ ಕೂಡ ಇಲ್ಲ. ನಮ್ಮ ಕಡೆ ಒರತೆ ಅನ್ನುತ್ತೇವಲ್ಲ, ಅದೇ. ಮಳೆ ನೀರು ಮರಳಿನಲ್ಲಿ ಇಂಗಿ, ಕೆಳಗಿನ ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೇಲಿಕೊಂಡು ಕೂತಿರುತ್ತದೆ. ಮೇಲುಮೇಲಿಂದ ನಿಧಾನಕ್ಕೆ ತೆಗೆದುಕೊಂಡರೆ ಸಿಹಿ, ಆಸೆಪಟ್ಟು ಆಳಕ್ಕೆ ತೋಡಿದರೆ ಉಪ್ಪು. ಅಂಥ ನೆಲದಲ್ಲಿ ಎಂಜಿನ್ನುಗಳಿಗಾಗಿ ಒಂದು ನೀರಿನ ಟ್ಯಾಂಕು ಕಟ್ಟಿದ್ದರು. ನೀವು ನೋಡಿದ ಅವಶೇಷಗಳಲ್ಲಿ ಅದೂ ಒಂದು.

ಕಟ್ಟಡಗಳ ಕಲ್ಲು ನೋಡಿದಿರಾ? ತೂತುತೂತಾಗಿ ಇರುತ್ತದೆ, ಮುಟ್ಟಿದರೆ ಕೈ ತರಚುತ್ತದೆ. ಅದು ಹವಳದ ಕಲ್ಲು. ಗಟ್ಟಿ ಕಲ್ಲನ್ನು ಮುಖ್ಯ ಭೂಮಿಯಿಂದ ತರಬೇಕು, ಹವಳ ಅಲ್ಲೇ ಸಮುದ್ರದಲ್ಲಿ ಸಿಗುತ್ತಿತ್ತು, ಕಡಿದು ಒಣಗಿಸಿ ಗೋಡೆ ಎಬ್ಬಿಸಿದರು. ಚರ್ಚಿನ ಗೋಡೆಯಲ್ಲಿ ಇದು ಎದ್ದು ಕಾಣುತ್ತದೆ. ಈಗ ಅಲ್ಲಿ ಹವಳ ಮುಟ್ಟಿದರೆ ಕೇಸು ಬೀಳುತ್ತದೆ.

ಹತ್ತುವವರು ಇಳಿಯುವವರು ಯಾರು? ದೊರೆಗಳು, ವ್ಯಾಪಾರಿಗಳು, ಯಾತ್ರಿಕರು, ಎಲ್ಲರೂ ಇದ್ದರು. ಕಾಶಿಯಾತ್ರೆ ಮಾಡುವವರು ಧನುಷ್ಕೋಡಿಯಲ್ಲಿ ಮಿಂದು ಅಲ್ಲಿನ ಮರಳು ಕಟ್ಟಿಕೊಂಡು ಪ್ರಯಾಗದಲ್ಲಿ ಬಿಟ್ಟು, ಗಂಗೆ ತಂದು ರಾಮೇಶ್ವರನಿಗೆ ಎರೆಯುವ ಪದ್ಧತಿ ನಮ್ಮ ಮನೆಗಳಲ್ಲೂ ಇದೆಯಲ್ಲ. ಆದರೆ ಹಡಗು ತುಂಬುತ್ತಿದ್ದವರು ಬೇರೆ. ಸಿಲೋನಿನ ಟೀ ತೋಟಗಳಿಗೆ ಹೋಗುತ್ತಿದ್ದ ತಮಿಳು ಕೂಲಿಗಳು. ಕಂಗಾಣಿ ಅನ್ನುವ ಮೇಸ್ತ್ರಿ ಊರೂರಿಂದ ಕುಟುಂಬ ಸಮೇತ ಅವರನ್ನು ಕರೆತರುತ್ತಿದ್ದ. ಕೈಗೆ ಕಾಗದ ಕೊಟ್ಟರೆ ಒದ್ದೆಯಾಗುತ್ತೆ, ಕಳೆದುಹೋಗುತ್ತೆ, ಓದಲೂ ಬರುವುದಿಲ್ಲ. ಅದಕ್ಕೆ ತೋಟದ ನಂಬರು ಒತ್ತಿದ ಒಂದು ತಗಡಿನ ಬಿಲ್ಲೆಗೆ ದಾರ ಪೋಣಿಸಿ ಕೊರಳಿಗೆ ಕಟ್ಟುತ್ತಿದ್ದರು. ಅದೇ ಅವರ ಟಿಕೆಟ್ಟು, ಅದೇ ವಿಳಾಸ. ಹಡಗು ಹತ್ತುವ ಮುಂಚೆ ಮಂಡಪಂನಲ್ಲಿ ಕ್ಯಾಂಪು. ನೆಲ ನಮ್ಮದು, ಕ್ಯಾಂಪು ನಡೆಸುತ್ತಿದ್ದದ್ದು ಸಿಲೋನ್ ಸರ್ಕಾರ. ಕಾಲರಾ, ಪ್ಲೇಗು ಇದೆಯೇ ಅಂತ ಕೆಲವು ದಿನ ಕೂಡಿಹಾಕಿ, ಸೂಜಿ ಚುಚ್ಚಿ ಆಮೇಲೆ ಬಿಡುತ್ತಿದ್ದರು. ಎಗ್ಮೋರಿನಲ್ಲಿ ಟಿಕೆಟ್ ಕೊಂಡು ಬಂದ ದೊಡ್ಡ ಮನುಷ್ಯರ ಬೋಟ್ ಮೇಲ್ ಕತೆ ಎಲ್ಲರೂ ಹೇಳುತ್ತಾರೆ. ಕೊರಳಲ್ಲಿ ಬಿಲ್ಲೆ ಕಟ್ಟಿಕೊಂಡವರ ಕತೆ ಹೇಳುವವರು ಕಡಿಮೆ.

ಚಂಡಮಾರುತಕ್ಕೆ ಬರುವ ಮುಂಚೆ ಒಂದು ವಿಷಯ ಹೇಳಲೇಬೇಕು. ಧನುಷ್ಕೋಡಿಯ ಕೆಲಸ 1964ಕ್ಕಿಂತ ಮೊದಲೇ ಕರಗಲು ಶುರುವಾಗಿತ್ತು. ಸಿಲೋನಿನಲ್ಲಿ ಭಾರತೀಯ ಕೆಲಸಗಾರರ ಮೇಲೆ ಅಸಮಾಧಾನ ಎದ್ದಾಗ 1939ರಲ್ಲಿ ಭಾರತ ಸರ್ಕಾರವೇ ಕೂಲಿಗಳು ಅಲ್ಲಿಗೆ ಹೋಗುವುದನ್ನು ನಿಲ್ಲಿಸಿತು. 1948ರಲ್ಲಿ ಸಿಲೋನ್ ಸ್ವತಂತ್ರವಾಯಿತು, ಅದೇ ವರ್ಷದ ಪೌರತ್ವ ಕಾಯ್ದೆಯಿಂದ ತೋಟದ ತಮಿಳರಲ್ಲಿ ಹೆಚ್ಚಿನವರು ಯಾವ ದೇಶಕ್ಕೂ ಸೇರದವರಾದರು. ಹಿಂದೆ ಒಂದೇ ಸಾಮ್ರಾಜ್ಯದ ಎರಡು ದಡಗಳಾಗಿದ್ದವು ಈಗ ಎರಡು ದೇಶ, ಪಾಸ್‌ಪೋರ್ಟು, ವೀಸಾ, ತಪಾಸಣೆ. ನೆಲವೂ ಸುಮ್ನೆ ಇರಲಿಲ್ಲ. 1948 ಮತ್ತು 1949ರಲ್ಲಿ ಧನುಷ್ಕೋಡಿಯ ದಕ್ಷಿಣದ ಅಂಚು ಸುಮಾರು 5 ಮೀಟರ್ ಕುಸಿದು ನೀರಿನ ಪಾಲಾಯಿತು ಅಂತ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ವಿಜ್ಞಾನಿಗಳ ಅಧ್ಯಯನ ಹೇಳುತ್ತದೆ. ಮನ್ನಾರ್ ಕೊಲ್ಲಿಯ ಕಡೆ ಅದು. ಅಲ್ಲಿನವರು ಆ ಕಡೆಯದನ್ನು ಗಂಡು ಕಡಲು, ಪಾಕ್ ಜಲಸಂಧಿ ಕಡೆಯ ಶಾಂತ ನೀರನ್ನು ಹೆಣ್ಣು ಕಡಲು ಅನ್ನುತ್ತಾರೆ.

1964ರ ಅಕ್ಟೋಬರ್ 30ರಂದು ನಮ್ಮ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ ಮತ್ತು ಸಿಲೋನಿನ ಪ್ರಧಾನಿ ಸಿರಿಮಾವೋ ಬಂಡಾರನಾಯಕೆ ಒಪ್ಪಂದ ಮಾಡಿಕೊಂಡರು. ಪೌರತ್ವ ಇಲ್ಲದ ಆ ಜನರಲ್ಲಿ 5.25 ಲಕ್ಷ ಮಂದಿಯನ್ನು ಭಾರತ, 3 ಲಕ್ಷ ಮಂದಿಯನ್ನು ಸಿಲೋನ್ ತೆಗೆದುಕೊಳ್ಳಬೇಕು. ಅಂದರೆ ಅಜ್ಜ ಕೊರಳಿಗೆ ಬಿಲ್ಲೆ ಕಟ್ಟಿಕೊಂಡು ಹೋದ ದಾರಿಯಲ್ಲೇ ಮೊಮ್ಮಕ್ಕಳು ವಾಪಸು ಬರಬೇಕು. ಇಷ್ಟು ಜನ ಬರುವುದಿತ್ತು, ಹಾಗಾಗಿ ಹಡಗಿಗೆ ಕೆಲಸ ಇರಲಿಲ್ಲ ಅಂತ ಹೇಳಲಾಗದು. ಕೆಲಸ ಇತ್ತು. ಈ ಮಾತಿಗೆ ಮತ್ತೆ ಬರುತ್ತೇನೆ.

ಒಪ್ಪಂದವಾಗಿ ಎರಡು ತಿಂಗಳೂ ಆಗಿರಲಿಲ್ಲ. ಡಿಸೆಂಬರ್ 17ರಂದು ಅಂಡಮಾನಿನ ದಕ್ಷಿಣಕ್ಕೆ ಹುಟ್ಟಿದ ವಾಯುಭಾರ ಕುಸಿತ ದಿನದಿಂದ ದಿನಕ್ಕೆ ಬಲಿತು, 22ಕ್ಕೆ ಸಿಲೋನಿನ ವವುನಿಯಾ ದಾಟಿ, ಆ ರಾತ್ರಿ ಧನುಷ್ಕೋಡಿ ಮೇಲೆ ಬಿತ್ತು. ಗಾಳಿಯ ವೇಗ ಗಂಟೆಗೆ 280 ಕಿಲೋಮೀಟರ್ ಇದ್ದಿರಬಹುದೆಂಬ ಅಂದಾಜಿದೆ. ನೀರು ಸುಮಾರು 7 ಮೀಟರ್ ಎತ್ತರಕ್ಕೆ ಎದ್ದಿತು. ಆ ಕೋಡಿಯ ಮೇಲೆ 7 ಮೀಟರ್ ಎತ್ತರದ ದಿಬ್ಬ ಎಲ್ಲಿದೆ ಹೇಳಿ? ಹತ್ತಿ ನಿಲ್ಲಲು ಜಾಗವೇ ಇಲ್ಲ.

ರಾತ್ರಿ 11:55ಕ್ಕೆ ಪಾಂಬನ್‌ನಿಂದ 653 ನಂಬರಿನ ಪ್ಯಾಸೆಂಜರ್ ಧನುಷ್ಕೋಡಿಗೆ ಹೊರಟಿತ್ತು. ದಾಖಲೆಯಲ್ಲಿರುವುದು 110 ಪ್ರಯಾಣಿಕರು, 5 ಜನ ರೈಲ್ವೆ ಸಿಬ್ಬಂದಿ. ಟಿಕೆಟ್ ಇಲ್ಲದವರೂ ಇದ್ದಿರಬಹುದು ಅಂತ ಆಮೇಲೆ ಮಾತು ಬಂತು. ಸ್ಟೇಷನ್ ಇನ್ನೇನು ಸ್ವಲ್ಪ ದೂರ ಇದೆ ಅನ್ನುವಾಗ ಸಿಗ್ನಲ್ ಕಾಣಲಿಲ್ಲ, ರೈಲು ಕತ್ತಲಲ್ಲಿ ನಿಂತು ಕಾಯಿತು, ಕೊನೆಗೆ ಡ್ರೈವರು ಉದ್ದಕ್ಕೆ ಸೀಟಿ ಹೊಡೆದು ಮುಂದೆ ಬಿಟ್ಟ ಅನ್ನುತ್ತಾರೆ. ಈ ಸೀಟಿಯ ಕತೆಯನ್ನು ನಾನು ಎಚ್ಚರಿಕೆಯಿಂದ ಹೇಳುತ್ತೇನೆ. ಅದರಲ್ಲಿದ್ದವರು ಯಾರೂ ಬದುಕಿ ಬಂದು ಹೇಳಲಿಲ್ಲ. ಅಲೆ ಬಡಿದು ಇಡೀ ರೈಲು ಹೋಯಿತು. ತಂತಿ ಸಂಪರ್ಕ ಕಡಿದುಹೋಗಿತ್ತು, ಸುದ್ದಿ ಮದ್ರಾಸಿಗೆ ಮುಟ್ಟಲೂ ದಿನಗಳು ಹಿಡಿದವು.

ಈಗ ನಿಮ್ಮ 46 ದಿನ. ಆ ರಾತ್ರಿ ಪಾಂಬನ್ ಸೇತುವೆಯ 145 ಗರ್ಡರುಗಳಲ್ಲಿ, ಅಂದರೆ ಕಂಬದಿಂದ ಕಂಬಕ್ಕೆ ಹಳಿ ಹೊರುವ ಉಕ್ಕಿನ ತೊಲೆಗಳಲ್ಲಿ, 126 ಕೊಚ್ಚಿಕೊಂಡು ಹೋದವು. ಎತ್ತುವ ಆ ಷೆರ್ಜರ್ ಭಾಗ ಮಾತ್ರ ಉಳಿಯಿತು. ದಕ್ಷಿಣ ರೈಲ್ವೆ ರಿಪೇರಿಗೆ 6 ತಿಂಗಳು ಅಂದುಕೊಂಡಿತ್ತು, ಜನರಲ್ ಮ್ಯಾನೇಜರ್ 3 ತಿಂಗಳಿಗೆ ಇಳಿಸಿದರು. ಕೆಲಸ ಹೊತ್ತವರು 32 ವರ್ಷದ ಎಂಜಿನಿಯರ್ ಇ. ಶ್ರೀಧರನ್. ಹೌದು, ಮುಂದೆ ಕೊಂಕಣ ರೈಲ್ವೆ, ದೆಹಲಿ ಮೆಟ್ರೊ ಮಾಡಿದ ಅದೇ ಶ್ರೀಧರನ್. ಹೊಸ ಗರ್ಡರು ಮಾಡಿಸಿ, ಸಾಗಿಸಿ ತರುವಷ್ಟರಲ್ಲಿ ತಿಂಗಳುಗಳು ಹೋಗುತ್ತವೆ. ಮೀನುಗಾರರು ಸಮುದ್ರದಲ್ಲಿ ಗರ್ಡರುಗಳು ಎಲ್ಲಿ ಬಿದ್ದಿವೆ ಅಂತ ತೋರಿಸಿದ್ದರಿಂದ ಹಳೆಯವನ್ನೇ ನೀರಿನಿಂದ ಎತ್ತಿ ಮತ್ತೆ ಕೂರಿಸಿದರು. 46 ದಿನಕ್ಕೆ ಸೇತುವೆ ತಯಾರು. ರೈಲ್ವೆ ಮಂತ್ರಿಗಳು 1,000 ರೂಪಾಯಿ ಬಹುಮಾನ ಕೊಟ್ಟರು.

ಅಷ್ಟು ಸಾಹಸ ಮಾಡಿದ್ದು ಯಾಕೆ? ಸೇತುವೆಯ ಆಚೆ ರಾಮೇಶ್ವರ ಇದೆ. ದೇವಸ್ಥಾನ, ಸಾವಿರಾರು ಮನೆ, ದಿನಾ ಬರುವ ಯಾತ್ರಿಕರು. ಆಗ ದ್ವೀಪಕ್ಕೆ ರಸ್ತೆ ಸೇತುವೆ ಇರಲಿಲ್ಲ, ರೈಲು ಬಿಟ್ಟರೆ ದೋಣಿಯೇ ಗತಿ. ಸೇತುವೆ ಕಟ್ಟದೆ ಬೇರೆ ದಾರಿ ಇರಲಿಲ್ಲ.

ಧನುಷ್ಕೋಡಿಯ ಕತೆ ಹಾಗಲ್ಲ. ಊರು ಹೋಗಿತ್ತು, ಮದ್ರಾಸ್ ಸರ್ಕಾರ ಅದು ಜನವಸತಿಗೆ ಯೋಗ್ಯವಲ್ಲ ಅಂತ ಸಾರಿತು. ಉಳಿದದ್ದು ಹಡಗು. ಹಡಗಿಗೆ ಧನುಷ್ಕೋಡಿಯೇ ಆಗಬೇಕು ಅಂತೇನೂ ಇಲ್ಲ. ಅಲ್ಲಿದ್ದ ಲಾಭ ಒಂದೇ, ಸಮುದ್ರದ ದಾರಿ ಕೆಲವು ಮೈಲಿ ಕಡಿಮೆ. ಆ ಕೆಲವು ಮೈಲಿ ಉಳಿಸಲು ಪಾಂಬನ್‌ನಿಂದ ಕೊನೆಯವರೆಗೆ ಹೊಸದಾಗಿ ಹಳಿ, ಸ್ಟೇಷನ್, ಹಡಗುಕಟ್ಟೆ, ನೀರಿನ ಟ್ಯಾಂಕು, ಕ್ವಾರ್ಟರ್ಸು ಎಲ್ಲ ಕಟ್ಟಬೇಕು, ಅದೂ ಮುಂದಿನ ಗಾಳಿಗೆ ಉಳಿಯುತ್ತೆ ಅನ್ನುವ ಗ್ಯಾರಂಟಿ ಇಲ್ಲದ ಮರಳಿನ ಮೇಲೆ. ರಾಮೇಶ್ವರದಲ್ಲಿ ಸ್ಟೇಷನ್ ಹೇಗೂ ಇದೆ. ಸ್ಟೀಮರನ್ನು ಅಲ್ಲಿಗೆ ತಂದು ಕಟ್ಟಿದರೆ ಮುಗಿಯಿತು. ಹಾಗೇ ಮಾಡಿದರು. ಬೋಟ್ ಮೇಲ್ ರಾಮೇಶ್ವರದ ಕವಲಿಗೆ ತಿರುಗಿತು, ಪಕ್ಕದ ಕವಲು ಮುಖ್ಯ ದಾರಿ ಆಯಿತು. ಹಡಗಿಗಾಗಿ ಹುಟ್ಟಿದ ಸ್ಟೇಷನ್ನು, ಹಡಗು ಬೇರೆ ಕಡೆ ಹೋದ ಮೇಲೆ ಅದನ್ನು ಕೇಳುವವರೇ ಇಲ್ಲ. ಗಾಳಿ ಕೆಡವಿದ್ದು ಕಟ್ಟಡವನ್ನು. ಮುಚ್ಚಿದ್ದು ಈ ಲೆಕ್ಕ.

ಮತ್ತೆ ಬರುತ್ತೇನೆ ಅಂದೆನಲ್ಲ, ಶಾಸ್ತ್ರಿ ಒಪ್ಪಂದದ ಆ ಜನ ಬಂದದ್ದು ಇದೇ ಹೊಸ ದಾರಿಯಲ್ಲಿ. ತಲೈಮನ್ನಾರಿನಿಂದ ರಾಮಾನುಜಂ ಎಂಬ ಹಡಗು ರಾಮೇಶ್ವರಕ್ಕೆ ಬರುತ್ತಿತ್ತು, ಹಳೇ ಮಂಡಪಂ ಕ್ಯಾಂಪು ಈಗ ವಾಪಸು ಬಂದವರನ್ನು ಇಳಿಸಿಕೊಳ್ಳುವ ಜಾಗ ಆಯಿತು. 1983ರಲ್ಲಿ ಲಂಕೆಯಲ್ಲಿ ಯುದ್ಧ ಹೊತ್ತಿಕೊಂಡಿತು, ಹಡಗು ನಿಂತಿತು. ಅಂದರೆ ಧನುಷ್ಕೋಡಿಯನ್ನು ಮತ್ತೆ ಕಟ್ಟಿದ್ದರೂ ಇಪ್ಪತ್ತು ವರ್ಷದೊಳಗೆ ಅದು ಇನ್ನೊಂದು ಸಲ ಖಾಲಿಯಾಗುತ್ತಿತ್ತು.

ಆಚೆ ದಡದ ಜೋಡಿ ಸ್ಟೇಷನ್ ಏನಾಯಿತು ಅಂತ ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ತಲೈಮನ್ನಾರಿನ ಹಳಿ ಯುದ್ಧದಲ್ಲಿ ಹಾಳಾಗಿ 1990ರಿಂದ ರೈಲಿರಲಿಲ್ಲ. ಭಾರತದ ಇರ್ಕಾನ್ ಕಂಪನಿ ಅದನ್ನು ಮತ್ತೆ ಹಾಕಿತು, 2015ರ ಮಾರ್ಚಿನಲ್ಲಿ ರೈಲು ಓಡಿತು. ಆ ಕಡೆ ಇವತ್ತು ದಡದ ತನಕ ರೈಲಿದೆ, ಈ ಕಡೆಯಿಂದ ಬರುವ ಹಡಗಿಲ್ಲ. 2023ರಲ್ಲಿ ಭಾರತದಿಂದ ಲಂಕೆಗೆ ಮತ್ತೆ ಪ್ರಯಾಣಿಕರ ಹಡಗು ಬಿಟ್ಟಾಗ ಅದನ್ನು ಬಿಟ್ಟದ್ದು ನಾಗಪಟ್ಟಣದಿಂದ ಕಾಂಕೇಸಂತುರೈಗೆ. ಹತ್ತಿರದ ದಾರಿ ಅನ್ನುವ ಒಂದೇ ಕಾರಣಕ್ಕೆ ಹಡಗು ಬರುವುದಿಲ್ಲ ಅನ್ನೋದು ಅಲ್ಲೂ ಕಾಣುತ್ತದೆ.

ಮತ್ತೆ ರೈಲು ತರುವ ಪ್ರಯತ್ನ ಆಗಲೇ ಇಲ್ಲ ಅಂತಲ್ಲ. 2019ರ ಮಾರ್ಚ್ 1ರಂದು ರಾಮೇಶ್ವರಂನಿಂದ ಧನುಷ್ಕೋಡಿಗೆ ಸುಮಾರು 17 ಕಿಲೋಮೀಟರ್ ಹೊಸ ಹಳಿಗೆ ಶಂಕುಸ್ಥಾಪನೆ ಆಯಿತು. ಹಳಿ ಬರಲಿಲ್ಲ. ನನ್ನನ್ನು ಕೇಳಿದರೆ ಬರದಿದ್ದದ್ದೇ ಒಳ್ಳೆಯದು. 2017ರಲ್ಲಿ ಅರಿಚಲ್ ಮುನೈ ತುದಿಯವರೆಗೆ ರಸ್ತೆ ಆದ ಮೇಲೆ ನೋಡಲು ಬರುವವರಿಗೆ ತೊಂದರೆ ಏನಿದೆ? ಸೆಲ್ಫಿ ತೆಗೆದು ಒಂದು ಗಂಟೆಯಲ್ಲಿ ವಾಪಸಾಗುವವರಿಗಾಗಿ ಆ ಮರಳಿನ ಮೇಲೆ ಮತ್ತೆ ಜಲ್ಲಿ ಸುರಿಯುವುದು ನನಗೆ ಸರಿ ಕಾಣಲಿಲ್ಲ. ರೈಲು ಇಷ್ಟಪಡುವ ನನ್ನ ಗೆಳೆಯರು ಈ ಮಾತಿಗೆ ನನ್ನ ಮೇಲೆ ಮುನಿಸಿಕೊಂಡಿದ್ದಾರೆ, ಇರಲಿ.

ಮುಂದಿನ ಸಲ ಹೋದರೆ ಬೆಳಗ್ಗೆ ಬೇಗ ಹೋಗಿ, ಹತ್ತು ಗಂಟೆ ಮೇಲೆ ಮರಳು ಕಾದ ಬಾಣಲೆ. ಅಲ್ಲಿನ ಡ್ರೈವರುಗಳು ಕಂಡ ಗೋಡೆಯನ್ನೆಲ್ಲ ಸ್ಟೇಷನ್ ಅನ್ನುತ್ತಾರೆ. ಎಲ್ಲರೂ ಫೋಟೊ ತೆಗೆಯುವ ಎತ್ತರದ ಗೋಡೆ ಚರ್ಚಿನದು. ಸ್ಟೇಷನ್ ಕಡೆ ಉಳಿದಿರುವುದು ಕಡಿಮೆ, ಮೇಲೆ ಹೇಳಿದ ನೀರಿನ ಟ್ಯಾಂಕಿನ ಕಟ್ಟಡ ಹುಡುಕಿಕೊಳ್ಳಿ, ಅದು ಸಿಕ್ಕರೆ ರೈಲು ಎಲ್ಲಿ ನಿಲ್ಲುತ್ತಿತ್ತು ಅಂತ ತಾನಾಗಿ ಅಂದಾಜಾಗುತ್ತದೆ, ಯಾಕೆಂದರೆ ಎಂಜಿನ್ ನೀರಿನ ಹತ್ತಿರಕ್ಕೇ ಬರಬೇಕು. ಗೋಡೆ ಹತ್ತಬೇಡಿ, ಹವಳದ ಕಲ್ಲು ಉಪ್ಪುಗಾಳಿಗೆ ಪುಡಿಪುಡಿ ಆಗಿದೆ.

ನಿಮ್ಮ ತಂದೆಯವರಿಗೆ ಆಸೆ ಇದ್ದರೆ ಚೆನ್ನೈನಿಂದ ರಾಮೇಶ್ವರಂ ಎಕ್ಸ್‌ಪ್ರೆಸ್ಸಿನಲ್ಲಿ ಕರೆದುಕೊಂಡು ಹೋಗಿ, ಅದನ್ನು ಇವತ್ತಿಗೂ ಬೋಟ್ ಮೇಲ್ ಅಂತಲೇ ಕರೆಯುತ್ತಾರೆ. ಹಳೇ ಸೇತುವೆಯ ಮೇಲೆ 2022ರ ಡಿಸೆಂಬರಿಗೆ ರೈಲು ನಿಂತಿತು, 2025ರ ಏಪ್ರಿಲ್‌ನಿಂದ ಪಕ್ಕದ ಹೊಸ ಸೇತುವೆಯ ಮೇಲೆ ಹೋಗುತ್ತದೆ. ಕಿಟಕಿ ಪಕ್ಕ ಕೂರಿಸಿ. ಪಾಂಬನ್ ಸ್ಟೇಷನ್ ದಾಟಿದ ಕೂಡಲೇ ಬಲಗಡೆ ನೋಡಲು ಹೇಳಿ. ಧನುಷ್ಕೋಡಿ ಕವಲು ಆ ಕಡೆಗೆ ಹೋಗುತ್ತಿತ್ತು.